ಅಧಿಕಾರವಿಲ್ಲದವರಿಗೊಂದು ಅರ್ಜಿ

ಅರ್ಜಿ ಬರೆಯುವುದು ನನಗೆ ಅಪ್ಪನಿಂದ ಬಂದ ಚಟ. ಕೆಲವರಿಗೆ ತಂದೆಯಿಂದ ಹೊಲ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ನನಗೆ ‘ಮಾನ್ಯರೇ’ ಎಂದು ಶುರು ಮಾಡುವ ಉಮೇದು ಬಂದಿದೆ. ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ಕಾಲೇಜಿನ ಮಾಸ್ತರನಾದ ಮೇಲೆ ಅದಕ್ಕೆ ಕಾಯ್ದೆ ಕಲಮುಗಳ ಬಲವೂ ಸೇರಿತು. ನಮ್ಮ ಯರಗುಪ್ಪಿಯ ಮನೆಯ ಟೆಲಿಫೋನ್ ಕೆಟ್ಟಾಗ ಅಪ್ಪ ಒಂದು ಕಾರ್ಡು ಬರೆದು ಹಾಕುತ್ತಿದ್ದರು. ಮರುದಿನವೇ ಕುಂದಗೋಳದಿಂದ ಲೈನ್‌ಮನ್ ಸೈಕಲ್ ಮೇಲೆ ಬಂದು, ಕಂಬ ಹತ್ತಿ ಇಳಿದು, ಚಹಾ ಕುಡಿದು, ಗಂಟೆ ಬಾರಿಸಿ ತೋರಿಸಿ ಹೋಗುತ್ತಿದ್ದ. ಎಂಥ ಕಾಲ. ಇದನ್ನು ಹೇಳಿದಾಗಲೆಲ್ಲ ನಮ್ಮಕ್ಕ ತಿದ್ದುತ್ತಾಳೆ: “ಎಲ್ಲೀ ಮರುದಿನಾನೋ. ಆರು ತಿಂಗಳ ಸತ್ತು ಬಿದ್ದಿತ್ತು ಅದು. ಅಪ್ಪ ಅದರ ಮ್ಯಾಲ ಟೊಪಗಿ ಇಡತಿದ್ದ.” ಟೊಪ್ಪಿಗೆ ನನಗೂ ನೆನಪಿದೆ. ಆದರೆ ಸೈಕಲ್ಲೂ ನೆನಪಿದೆಯಲ್ಲ, ಅದನ್ನೇನು ಮಾಡಲಿ?

ಈಗ ಊರಿಗೆ ಇಂಟರ್ನೆಟ್ ಕೊಡುವವನು ಈರಣ್ಣ, ಕನ್ನಡ ಶಾಲೆಯಲ್ಲಿ ನನ್ನ ಜೊತೆ ಒಂದೇ ಗೋಣಿತಟ್ಟಿನ ಮೇಲೆ ಕೂತವನು. ಹುಬ್ಬಳ್ಳಿಯ ಒಂದು ಕಂಪನಿಯಿಂದ ಊರಿನ ಗುತ್ತಿಗೆ ಹಿಡಿದಿದ್ದಾನೆ. ಅವನ ವೈರು ಮಾಳಿಗೆಯಿಂದ ಮಾಳಿಗೆಗೆ ಹೋಗುತ್ತದೆ. ಅದಕ್ಕೆ ಕಾಗದ ಪತ್ರ ಏನೂ ಇಲ್ಲ. “ಕಾಕಾ, ನಿಮ್ಮ ಮಾಳಗಿ ಮ್ಯಾಲ ವೈರ್ ಒಯ್ತೀನ್ರಿ” ಎಂದರೆ “ಒಯ್ಯಪಾ” ಎನ್ನುತ್ತಾರೆ, ಮುಗಿಯಿತು.

ನಮ್ಮದು ಇನ್ನೂ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮೊದಲು ಹೊಸ ಸವಳು ಮಣ್ಣು ಹರಡಿ ತುಳಿಯದಿದ್ದರೆ ಸೋರುತ್ತದೆ. ಆ ಭಾನುವಾರ ಆಳುಗಳನ್ನು ಕರೆಯದೆ ನಾನೇ ಪ್ಯಾಂಟು ಮಡಚಿ, ಸಲಿಕೆ ಹಿಡಿದು ಮೇಲೆ ಹತ್ತಿದೆ. ಚಿಕ್ಕವನಿದ್ದಾಗ ಅಪ್ಪನ ಹೆಜ್ಜೆಯ ಹಿಂದೆ ಹೆಜ್ಜೆ ಇಟ್ಟು ತುಳಿಯುತ್ತಿದ್ದೆ. ಒದ್ದೆ ಮಣ್ಣು ಬೆರಳ ಸಂದಿಯಲ್ಲಿ ತಣ್ಣಗೆ ನುಗ್ಗುವ ಆ ಸುಖಕ್ಕಾಗಿಯೇ ಹತ್ತಿದ್ದು. ಮರುದಿನ ಬೆಳಿಗ್ಗೆ ಇಂಟರ್ನೆಟ್ ಸತ್ತಿತ್ತು.

ಈರಣ್ಣ ಬಂದ. “ಮಾಳಗಿ ಮ್ಯಾಲ ಏನರ ಮಾಡಿಯೇನಲೇ?” ಎಂದು ಕೇಳಿದ. ವೈರನ್ನು ನನ್ನ ಕೈಯಾರೆ ಎತ್ತಿ ಗೋಡೆಯ ಬದಿಗೆ ಇಟ್ಟದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು, ಹಾಗೆಂದೇ ಹೇಳಿದೆ. ಮಾಸ್ತರನ ಮಾತನ್ನು ಅವನು ನಂಬಿದ. ನಾಲ್ಕು ದಿನ ಬಿಸಿಲಲ್ಲಿ ಊರಿನ ಉಳಿದ ಮಾಳಿಗೆಗಳನ್ನೆಲ್ಲ ಹತ್ತಿಳಿದ. ಐದನೆಯ ದಿನ ನಾನು ಕಾಲೇಜಿನ ಕಂಪ್ಯೂಟರಿನ ಮುಂದೆ ಕುಳಿತು, ದೆಹಲಿಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಎರಡು ಪುಟದ ಅರ್ಜಿ ಕಳಿಸಿದೆ.

ಉತ್ತರ ಬೇಗನೆ ಬಂತು. ತಾವು ಕಂಪನಿಗಳಿಗೆಲ್ಲ ಅನ್ವಯಿಸುವ ನಿಯಮ ಮಾಡಬಲ್ಲೆವು, ಆದರೆ ಒಬ್ಬ ಗ್ರಾಹಕನ ದೂರನ್ನು ವಿಚಾರಿಸಿ ಆಜ್ಞೆ ಮಾಡುವ ಅಧಿಕಾರ ಕಾಯ್ದೆಯಲ್ಲಿ ತಮಗಿಲ್ಲ, ಆದ್ದರಿಂದ ಅರ್ಜಿಯನ್ನು ಕಂಪನಿಗೇ ಕಳಿಸಿದ್ದೇವೆ ಎಂದಿತ್ತು. ಸಂಸ್ಥೆಗಳ ಅಧಿಕಾರದ ಮಿತಿ ಎಂಬ ಪಾಠವನ್ನು ವರ್ಷಗಟ್ಟಲೆ ಕಲಿಸಿದವನು ನಾನು. ಮಿತಿ ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಕಂಡು ಸಂತೋಷವೇ ಆಯಿತು.

ಸಂತೋಷ ಎರಡು ದಿನ ಇತ್ತು. ಮೂರನೆಯ ದಿನ ಈರಣ್ಣ ಒಂದು ಕಾಗದ ಹಿಡಿದು ಬಂದು ಬಾಗಿಲಲ್ಲೇ ನಿಂತ.

“ಸರ, ಇದನ್ನ ಓದ್ರಿ.”

ನಲವತ್ತು ವರ್ಷದಲ್ಲಿ ಅವನು ನನ್ನನ್ನು ‘ಸರ’ ಎಂದದ್ದು ಅದೇ ಮೊದಲು. ದೂರು ಅವನ ನಿರ್ಲಕ್ಷ್ಯದಿಂದ ಬಂದದ್ದೆಂದು ಖಾತ್ರಿಯಾದರೆ ಯರಗುಪ್ಪಿಯನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಕಂಪನಿ ಬರೆದಿತ್ತು. ದೆಹಲಿಗೆ ಕಂಪನಿಯ ಮೇಲೆ ಇಲ್ಲದ ಅಧಿಕಾರ ಕಂಪನಿಗೆ ಈರಣ್ಣನ ಮೇಲೆ ಭರ್ತಿ ಇತ್ತು.

ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದಳು. “ಈರಣ್ಣಾರ, ಇವರು ಗ್ವಾಡಿ ಬಾಜೂಕ ಇಟ್ಟದ್ದು ನನ್ನ ಅರಿವಿ ಒಣಗಸೂ ಹಗ್ಗರಿ. ಎಂಟ ದಿನದಿಂದ ಹುಡಕಾಕತ್ತಿದ್ದೆ, ಇವತ್ತ ಸಿಕ್ತು.”

ಮೂವರೂ ಮೇಲೆ ಹತ್ತಿದೆವು. ಒಣಗಿದ ಮಣ್ಣನ್ನು ಅಗೆದರೆ ವೈರು ಅಲ್ಲೇ ಇತ್ತು, ಸಲಿಕೆಯ ಒಂದೇ ಏಟಿಗೆ ಎರಡಾಗಿ.

“ತುಳದದ್ದು ಮಾತ್ರ ಅಗದಿ ಚಲೋ ತುಳದೀರಿ, ಸರ,” ಎಂದ ಈರಣ್ಣ.

ವೈರು ಕೂಡಿಸುವುದು ಹತ್ತು ನಿಮಿಷದ ಕೆಲಸ. ಅರ್ಜಿ ಹಿಂದಕ್ಕೆ ತರುವುದು ಹಾಗಲ್ಲ. ಕಂಪನಿಗೆ ಫೋನ್ ಹಚ್ಚಿದೆ. ಈರಣ್ಣ ಎದುರಿಗೆ ಕೂತಿದ್ದ, ಚಹಾ ಮುಟ್ಟಿರಲಿಲ್ಲ. ಆ ಕಡೆ ಒಬ್ಬ ಹುಡುಗಿ.

“ಕಾರಣ ಏನಂತ ಹಾಕಲ್ರಿ ಸರ್? ಮೂರ ಅದಾವ. ಸಿಬ್ಬಂದಿ ನಿರ್ಲಕ್ಷ್ಯ, ಕರೆಂಟು, ಮಳಿ.”

“ಗಿರಾಕಿ ತಪ್ಪು ಅಂತ ಇಲ್ಲೇನವಾ?”

“ಇಲ್ರಿ. ಹಂಗ ಇನ್ನೂತನಾ ಯಾರೂ ಹೇಳಿಲ್ರಿ. ಲಗೂ ಹೇಳ್ರಿ, ಸುಮ್ನಿದ್ರ ಮೊದಲನೇದ ಬೀಳತೈತ್ರಿ.”

ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತ ಬಂದವನು ನಾನು. ಕರೆಂಟು ಎಂದರೆ ಮತ್ತೊಬ್ಬ ಲೈನ್‌ಮನ್ನಿಗೆ ಕಾಗದ ಹೋಗುತ್ತದೆ. ಮಳೆಯನ್ನಾದರೆ ಯಾರೂ ಕೆಲಸದಿಂದ ತೆಗೆಯಲಾರರು. ಕಿಟಕಿಯ ಹೊರಗೆ ಎರೆಹೊಲ ಬಾಯಿ ಬಿಟ್ಟಿತ್ತು, ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ.

“ಮಳಿ,” ಎಂದೆ.

ಈರಣ್ಣ ಚಹಾದ ಬಟ್ಟಲು ಎತ್ತಿಕೊಂಡ. “ಆರೇತಲೇ, ಕಾಸಿ ಕೊಡಸು,” ಎಂದ.

ಇದಾಗಿ ಎರಡು ವರ್ಷವಾಯಿತು. ಈಗ ಆ ಭಾನುವಾರವನ್ನು ನೆನೆದರೆ, ಮಧ್ಯಾಹ್ನ ಎದ್ದ ಮೋಡ, ಹೊಸ ಮಣ್ಣಿನ ಮೇಲೆ ಬಿದ್ದ ದಪ್ಪ ಹನಿ, ಆ ವಾಸನೆ, ಎಲ್ಲ ಕಣ್ಣಿಗೆ ಕಟ್ಟಿದಂತೆ ಬರುತ್ತದೆ. “ಅವತ್ತ ಒಂದ ಹನಿ ಬಿದ್ದಿಲ್ಲ,” ಎನ್ನುತ್ತಾಳೆ ಹೆಂಡತಿ. ಅನುಮಾನ ಬಂದು ಮೊನ್ನೆ ಈರಣ್ಣನನ್ನೇ ಕೇಳಿದೆ.

“ಆಗಿತ್ತಲೇ ಮಳಿ,” ಎಂದ ಅವನು, ಮುಖದ ಮೇಲೆ ನಗೆಯ ಸುಳಿವೇ ಇಲ್ಲದೆ. “ಕಂಪನಿ ಕಾಗದದಾಗ ಐತಿ.”

ಲಿಖಿತ ದಾಖಲೆಯ ಎದುರು ನಾನು ಎಂದೂ ವಾದ ಮಾಡಿದವನಲ್ಲ.