ಕಾಕಾನ ಉಡದಾರದ ಚಾವಿ

ಬಂಗಾರ ಇಟ್ಟ ಕಪಾಟನ್ನು ಹಾಗೇ ಬಿಟ್ಟು, ನೀರಿನ ನಳಕ್ಕೆ ಕೀಲಿ ಜಡಿದು ಮದುವೆಗೆ ಹೋಗುವ ಮನುಷ್ಯ ಇಡೀ ವಿಜಯಪುರದಲ್ಲಿ ಒಬ್ಬನೇ ಇದ್ದಾನೆ. ಅವನು ನಮ್ಮ ಕಾಕಾ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೋ ನಾಚಿಕೆಯೋ ಎಂಬುದು ಬಹಳ ದಿನ ತೀರ್ಮಾನವಾಗಿರಲಿಲ್ಲ. ಈಗ ಆಗಿದೆ, ಆದರೆ ಅದನ್ನು ಇಷ್ಟು ಬೇಗ ಹೇಳಿಬಿಟ್ಟರೆ ನೀವು ಮುಂದೆ ಓದುತ್ತೀರೇನು?

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಜಲನಗರದಲ್ಲಿ ನಮ್ಮದು ಮೇಲಿನ ಓಣಿ, ಅವನದು ಕೆಳಗಿನ ಓಣಿ. ಹೆಸರೇನೋ ಜಲನಗರ, ಆದರೆ ನಳ ಬರುವುದು ಅದಕ್ಕೆ ಮನಸ್ಸು ಬಂದ ದಿನ. ಆ ದಿನ ಓಣಿಗೆ ಓಣಿಯೇ ಕೆಲಸ ಬಿಟ್ಟು ಕೊಡ ಹಿಡಿದು ನಿಲ್ಲುತ್ತದೆ. ಇಂಥಲ್ಲಿ ಬಾಳಿದವರಿಗೆ ನೀರಿನ ಬಗ್ಗೆ ಒಂದಿಷ್ಟು ಕಾಳಜಿ ಇರುವುದು ಸಹಜವೇ. ಆದರೆ ಕಾಕಾನ ಕಾಳಜಿ ಕಬ್ಬಿಣದ್ದು!

ಅವನ ಮನೆಯಲ್ಲಿ ಎಲ್ಲೆಲ್ಲಿ ಪೈಪಿಗೆ ವಾಲ್ವ್ ಇದೆಯೋ ಅಲ್ಲೆಲ್ಲ ಒಂದು ಸರಪಳಿ, ಒಂದು ಕೀಲಿ. ಮಾಳಿಗೆಯ ನೀರಿನ ಟಾಕಿಗೆ ಹಿತ್ತಾಳೆಯ ಕೀಲಿ, ಬಚ್ಚಲಿಗೆ ಸೈಕಲ್ಲಿನ ಕೀಲಿ, ಹಿತ್ತಲಿಗೆ ಯಾವುದೋ ಹಳೇ ಟ್ರಂಕಿನ ಕೀಲಿ. ಅಷ್ಟೂ ಚಾವಿಗಳು ಅವನ ಉಡದಾರದಲ್ಲಿ ನೇತಾಡುತ್ತವೆ. ನಡೆದರೆ ಝಣಝಣ, ಸೀನಿದರೂ ಝಣಝಣ! ಕಾಕಾ ಓಣಿಯ ತಿರುವಿಗೆ ಬರುವಷ್ಟರಲ್ಲಿ ಅವನ ಹೆಂಡತಿ ಕಾಕು ಮನೆಯಲ್ಲಿ ಚಹಕ್ಕೆ ನೀರಿಟ್ಟಿರುತ್ತಾಳೆ.

ಒಮ್ಮೆ ಅವರ ಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ನಳ ತಿರುಗಿಸಿದೆ. ತೊಟ್ಟು ನೀರಿಲ್ಲ! ಕಣ್ಣು ಮುಚ್ಚಿಕೊಂಡೇ ಕೂಗಿದೆ.

"ಕಾಕಾ, ನೀರು!"

"ಎಷ್ಟ ಬೇಕು?" ಹೊರಗಿನಿಂದ ವಿಚಾರಣೆ ಶುರುವಾಯಿತು.

"ಮುಖಾ ತೊಳಕೊಳ್ಳೂವಷ್ಟು!"

"ಮುಖಾ ಅಷ್ಟನೋ, ಕೈಕಾಲೂ ತೊಳಿಯಾಂವೋ? ಒಮ್ಮೆ ಸರಿಯಾಗಿ ಹೇಳಲೇ. ಘಳಿಗಿಗೊಮ್ಮೆ ಕೀಲಿ ತಗ್ಯಾಕ ನನಗೇನ ಬ್ಯಾರೆ ಉದ್ಯೋಗ ಇಲ್ಲೇನು?"

ನಿಜ ಹೇಳಬೇಕೆಂದರೆ ಇರಲಿಲ್ಲ. ಅಡುಗೆಮನೆಯಿಂದ ಕಾಕು ಹೊರಗೆ ಬಂದಳು. "ಹುಡುಗನ ಕಣ್ಣಾಗ ಸಾಬಾಣ ಹೊಂಟೈತಿ, ತಗೀರಿ ಮೊದಲ! ನನ್ನ ಕೊಡೂ ಮುಂದ ನಮ್ಮಪ್ಪ ಮನಿತನಾ ನೋಡಿದ, ನೌಕರಿ ನೋಡಿದ. ಉಡದಾರ ಒಂದ ನೋಡಲಿಲ್ಲ ನೋಡ್ರಿ" ಎಂದಳು. ಕಾಕಾ ಬೇಜಾರು ಮಾಡಿಕೊಳ್ಳದೆ ಚಾವಿ ಹುಡುಕತೊಡಗಿದ. ಸರಿಯಾದ ಚಾವಿ ಸಿಗುವಷ್ಟರಲ್ಲಿ ನನ್ನ ಮುಖದ ಸೋಪು ಒಣಗಿತ್ತು.

ಇದು ಮನೆಯ ಕಥೆಯಾಯಿತು. ಹೊರಗೆ ಬಿದ್ದರೆ ಇನ್ನೂ ಚಂದ. ಸಂಜೆ ಅಥಣಿ ರಸ್ತೆಯ ಹೊಸ ಲೇಔಟುಗಳ ಕಡೆ ತಿರುಗಾಡಲು ಹೋದರೆ ಜನ ಮನೆ ನೋಡುತ್ತಾರೆ, ಗೇಟು ನೋಡುತ್ತಾರೆ. ಕಾಕಾ ಖಾಲಿ ಪ್ಲಾಟುಗಳಲ್ಲಿ ತಲೆಯೆತ್ತಿ ನಿಂತ ಪೈಪುಗಳ ಮುಂದೆ ನಿಂತು, "ಯಾರ ಬಂದ ತಿರುವಿದ್ರೂ ಕೇಳಾವ್ರಿಲ್ಲ ಪಾಪ" ಎಂದು ಮರುಗುತ್ತಾನೆ. ಜೇಬಿನಲ್ಲಿ ಸದಾ ಒಂದು ತಂತಿಯ ಸುರುಳಿ. ಒಂದೆರಡು ಸುತ್ತು ಬಿಗಿದು ಬಂದರೇನೇ ಅವನಿಗೆ ಊಟ ರುಚಿಸುವುದು.

ನನಗೆ ಕನ್ಯೆ ನೋಡಲು ಟಿಕೋಟಾಕ್ಕೆ ಹೋದಾಗ ಹಿರಿಯನೆಂದು ಕಾಕಾನನ್ನೇ ಮುಂದಿಟ್ಟುಕೊಂಡು ಹೋಗಿದ್ದೆವು. ಅವಲಕ್ಕಿ ಬಂತು, ಚಹಾ ಬಂತು, ಹುಡುಗಿಯೂ ಬಂದು ಕುಳಿತಳು. ಆದರೆ ಕಾಕಾ ಎಲ್ಲಿ? ಹುಡುಗಿಯ ಅಪ್ಪ ಗಾಬರಿಯಾಗಿ ಹುಡುಕಿದರೆ ಈತ ಹಿತ್ತಲಾಚೆ ಅವರ ದ್ರಾಕ್ಷಿ ತೋಟಕ್ಕೆ ನೀರು ಹೋಗುವ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾನೆ!

"ಇದಕ ಕೀಲಿ ಇಲ್ಲೇನ್ರಿ?"

"ಹೊಲದಾಗಿನ ವಾಲ್‌ಗೆ ಯಾರ್ರಿ ಕೀಲಿ ಹಾಕ್ತಾರ?"

"ಹಂಗಂದ್ರ ದಾರಿಗೆ ಹೋಗಾವ ತಿರುವಿದ್ರೂ ನಡೀತೈತೇನ್ರಿ ನಿಮಗ?"

ಮರಳಿ ಬರುವಾಗ ಅವ್ವ ತನ್ನ ಮೈದುನನನ್ನು, "ಹೆಂಗ ಅನಸ್ತೋ ತಮ್ಮಾ?" ಎಂದು ಕೇಳಿದಳು. "ಹುಡುಗಿ ಚೊಲೋ ಅದಾಳ ವೈನಿ, ವಾಲ್ ಸಡಲ ಐತಿ" ಎಂದ ಕಾಕಾ. ಆ ಹುಡುಗಿಯೇ ಈಗ ನನ್ನ ಹೆಂಡತಿ. ಮದುವೆಯಲ್ಲಿ ಎಲ್ಲರೂ ಬೀಗರಿಗೆ ಬಟ್ಟೆಬರೆ ಕೊಟ್ಟರೆ ಕಾಕಾ ಕೊಟ್ಟಿದ್ದು ಒಂದು ಸರಪಳಿ, ಒಂದು ದೊಡ್ಡ ಕೀಲಿ. ನಮ್ಮ ಮಾವನವರು ಅದನ್ನು ಎರಡೂ ಕೈಯಿಂದ ಇಸಿದುಕೊಂಡರು, ಬೇರೆ ಏನು ಮಾಡಿಯಾರು?

ಇಲ್ಲಿಯವರೆಗೆ ಎಲ್ಲವೂ ನಗುವ ಮಾತೇ. ನಗು ನಿಂತದ್ದು ನನ್ನ ಹೆಂಡತಿಯ ಕುಬಸದ, ಅಂದರೆ ಸೀಮಂತದ ದಿನ.

ಅದಕ್ಕೆ ಮೊದಲು ಅವ್ವನ ವಿಷಯ ಒಂದಿಷ್ಟು ಹೇಳಬೇಕು. ಅವ್ವ ಸೊಸೆಯಾಗಿ ಬಂದಾಗ ಕಾಕಾ ಇನ್ನೂ ಶಾಲೆಗೆ ಹೋಗುವ ಹುಡುಗ, ತಾಯಿ ಇಲ್ಲದವನು. ತಲೆಗೆ ಎಣ್ಣೆ ಹಚ್ಚಿ, ಬುತ್ತಿ ಕಟ್ಟಿ ಕಳಿಸಿ, ಮುಂದೆ ತಾನೇ ಹೆಣ್ಣು ನೋಡಿ ಮದುವೆ ಮಾಡಿದವಳು ಅವ್ವ. ಅಪ್ಪ ತೀರಿಕೊಂಡ ಮೇಲಂತೂ ಕಾಕಾ ದಿನಕ್ಕೊಮ್ಮೆ ನಮ್ಮ ಮನೆಗೆ ಬಂದು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಿನ್ನದಿದ್ದರೆ ಇಬ್ಬರಿಗೂ ದಿನ ಮುಗಿಯುತ್ತಿರಲಿಲ್ಲ. ನಮ್ಮ ಮೇಲಿನ ಓಣಿಗೆ ನೀರು ಏರುತ್ತಿರಲಿಲ್ಲ. ನಳ ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತಿತ್ತು. ಅವ್ವ ತನ್ನ ಕೆಟ್ಟ ಮೊಣಕಾಲು ಎಳೆದುಕೊಂಡು ಕಾಕಾನ ನಳದಿಂದಲೇ ಕುಡಿಯುವ ನೀರು ತರುತ್ತಿದ್ದಳು. ಕೊಡ ಹೊರಲು ನಾವು ಹೋದರೂ ಬಿಡುತ್ತಿರಲಿಲ್ಲ, ಮೈದುನನ ಮನೆಗೆ ಹೋಗಲು ಅವಳಿಗೂ ಒಂದು ನೆವ ಬೇಕಲ್ಲ.

ಕುಬಸಕ್ಕೆ ಟಿಕೋಟಾದಿಂದ ಬೀಗರು ಒಂದು ಟೆಂಪೋ ತುಂಬ ಬಂದಿದ್ದರು. ಟ್ಯಾಂಕರಿನವನಿಗೆ ಹೇಳಿ ಟಾಕಿ ತುಂಬಿಸಿದ್ದೆವು. ಊಟಕ್ಕೆ ಮೊದಲು ಯಾರೋ ಮಕ್ಕಳು ನಳ ಬಿಟ್ಟು ಆಡಿದ್ದನ್ನು ಕಾಕಾ ನೋಡಿದ. ಸುಮ್ಮನಿದ್ದಾನೆಯೇ? ಮಾಳಿಗೆ ಹತ್ತಿ ಟಾಕಿಯ ವಾಲ್ವ್ ಬಂದ್ ಮಾಡಿ ಕೀಲಿ ಹಾಕಿದ. ಊಟ ಮುಗಿಯುವ ಹೊತ್ತಿಗೆ ತೆಗೆದರಾಯಿತು ಎಂಬ ಲೆಕ್ಕ. ಅಷ್ಟರಲ್ಲಿ ಬಬಲೇಶ್ವರದಿಂದ ಬರಬೇಕಿದ್ದ ನಮ್ಮ ಸೋದರತ್ತೆಗೆ ಬಸ್ಸು ತಪ್ಪಿತೆಂದು ಫೋನು ಬಂತು. ಕಾಕಾ ಕೂಡಲೇ ಗಾಡಿ ಏರಿ ಅವಳನ್ನು ಕರೆತರಲು ಹೊರಟ. ಮೊಬೈಲು ಉಳಿದದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ಚಾವಿ ಹೋದದ್ದು ಉಡದಾರದೊಂದಿಗೆ ಬಬಲೇಶ್ವರಕ್ಕೆ!

ಹೋಳಿಗೆ ತುಪ್ಪದ ಕೈ ಹಿಡಿದು ಬೀಗರೆಲ್ಲ ಸಾಲಾಗಿ ಬಚ್ಚಲಿಗೆ ಬಂದರು. ನಳ ತಿರುಗಿಸಿದರು. ಬುಸ್! ಕೀಲಿ ಒಡೆಯಲು ಹೋದರೆ ಅದು ಕಾಕಾನ ಕೀಲಿ, ಸುತ್ತಿಗೆಗೆ ಬಗ್ಗುತ್ತದೆಯೇ? ಕೊನೆಗೆ ನಮ್ಮ ಮಾವನವರು ಸೋಡಾ ಬಾಟಲಿಯಲ್ಲಿ ಕೈ ತೊಳೆದರು. ಟೆಂಪೋ ಏರುವಾಗ ಅವರ ಕಡೆಯ ಒಬ್ಬ ಮುದುಕಿ, "ಕೈಗೆ ನೀರ ಕೊಡಲಾರದ ಮನಿಗೆ ಹುಡುಗೀನ ಕೊಟ್ಟೇವಲ್ಲಪಾ" ಎಂದದ್ದು ಅವ್ವನಿಗೆ ಕೇಳಿಸಿತು.

ಕಾಕಾ ಸೋದರತ್ತೆಯನ್ನು ಇಳಿಸಿ ನಗುತ್ತ ಒಳಗೆ ಬರಹೊರಟ. ಅವ್ವ ಬಾಗಿಲಲ್ಲೇ ತಡೆದಳು.

"ಬಂದವ್ರ ಮುಂದ ನನ್ನ ಮಾರಿ ಕೆಳಗ ಹಾಕಿದಿ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ."

ಕಾಕಾ ಹೊರಗಿನ ಮೆಟ್ಟಿಲ ಕಡೆ ತಿರುಗಿದ. ಮಾಳಿಗೆ ಹತ್ತಿ ಕೀಲಿ ತೆಗೆದು, ಇಳಿದು ಹೋದ. ಅವ್ವ ಹಟದವಳು, ಆಡಿದ ಮಾತು ಆಡಿದ್ದೇ. ನನ್ನ ಮಗಳ ತೊಟ್ಟಿಲಿಗೂ ಕಾಕಾನನ್ನು ಕರೆಯಲಿಲ್ಲ. ನಾನು ಹೇಳಿ ನೋಡಿದೆ, ಹೆಂಡತಿ ಹೇಳಿ ನೋಡಿದಳು. ಅವ್ವ ಕೆಳಗಿನ ಓಣಿಗೆ ನೀರಿಗೆ ಹೋಗುವುದನ್ನೂ ಬಿಟ್ಟಳು. ಸಜ್ಜಿ ರೊಟ್ಟಿ ಬಡಿಯುವಾಗ ಮಾತ್ರ ಒಂದು ರೊಟ್ಟಿ ಹೆಚ್ಚಿಗೆ ಮಾಡಿ, ಮರುದಿನ ಅದನ್ನು ತಾನೇ ಮುರಿದು ತಿನ್ನುತ್ತಿದ್ದಳು. ಯಾಕೆ ಎಂದು ಕೇಳುವ ಧೈರ್ಯ ಯಾರಿಗಿತ್ತು?

ಆಗ ಒಂದು ವಿಚಿತ್ರ ನಡೆಯಿತು. ಗಾಳಿಯಷ್ಟೇ ಬರುತ್ತಿದ್ದ ನಮ್ಮ ನಳದಲ್ಲಿ ನೀರು ಬಂತು! ಒಂದು ದಿನದ ಮಾತಲ್ಲ, ನೀರು ಬಿಟ್ಟಾಗಲೆಲ್ಲ ಬಂತು. "ಯಾವ ದೇವರ ಕಣ್ಣ ತೆರದ್ನೋ ಯಪ್ಪಾ!" ಎಂದು ಅವ್ವ ನಳಕ್ಕೆ ಕುಂಕುಮ ಹಚ್ಚಿದಳು, ಆರತಿ ಬೆಳಗಿದಳು. ನೀರು ಬರುವ ದಿನ ನಳದ ಮುಂದೆ ಊದಿನಕಡ್ಡಿ ಬೇರೆ. ಆದರೆ ನನಗೆ ಒಂದು ರೋಗವಿದೆ, ಕುತೂಹಲ ಎಂದು ಅದರ ಹೆಸರು. ನೀರು ಏರು ಹತ್ತುವುದೆಂದರೇನು? ದೇವರು ಕಣ್ಣು ತೆರೆದದ್ದೇ ಹೌದಾದರೆ ಎಲ್ಲಿ ಕುಳಿತು ತೆರೆದ?

ನೀರು ಬರುವ ದಿನ ಪೈಪಿನ ಜಾಡು ಹಿಡಿದು ಇಳಿಯುತ್ತ ಹೋದೆ. ಜಾಡು ಹೋಗಿ ನಿಂತದ್ದು ಕಾಕಾನ ಗೇಟಿನ ಮುಂದೆ! ಅಲ್ಲಿ ರಸ್ತೆಯಲ್ಲಿ ಕಬ್ಬಿಣದ ಮುಚ್ಚಳದ ಒಂದು ಗುಂಡಿ. ಒಳಗೆ ಕೆಳಗಿನ ಓಣಿಯ ದೊಡ್ಡ ವಾಲ್ವ್. ಅದು ಪೂರ್ತಿ ತೆರೆದಿದ್ದರೆ ನೀರೆಲ್ಲ ಇಳಿಜಾರಿಗೆ ಓಡುತ್ತದೆ. ಅರ್ಧ ಮುಚ್ಚಿದರೆ ಉಳಿದದ್ದು ಮೇಲಿನ ಓಣಿಗೆ ಏರುತ್ತದೆ. ನೀರು ಬಿಡುವವನು ಅರ್ಧಕ್ಕೆ ಇಟ್ಟು ಹೋದರೆ, ಅವನ ಬೆನ್ನ ಹಿಂದೆ ಯಾರಾದರೊಬ್ಬರು ನಟ್ಟು ತಿರುವುವ ಪಾನಾ ತಂದು ಪೂರ್ತಿ ತೆರೆಯುತ್ತಿದ್ದರಂತೆ. ಈಗ ಮುಚ್ಚಳದ ಮೇಲೆ ನಾನು ಕಂಡದ್ದರಲ್ಲೆಲ್ಲ ದೊಡ್ಡ ಕೀಲಿ ಕುಳಿತಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಕಾ ಕುಳಿತಿದ್ದ. ಎದುರು ಮನೆಯಾತ ಕೊಡ ಹಿಡಿದು ಜಗಳಕ್ಕೆ ನಿಂತಿದ್ದ.

"ಏನ್ರಿ ಇದು, ನಿಮ್ಮ ಮನಿ ನೀರಾ ನೀವ ಕಟ್ಟಿ ಮ್ಯಾಲಿನವ್ರಿಗೆ ಕೊಡಾಕತ್ತೀರಿ?"

"ಎಲ್ಲಾರ ಕೊಡಾ ತುಂಬತಾವ್ರಿ, ನಿಧಾನ ತುಂಬತಾವ. ನೀರ ಬಿಡಾವನೂ ಇಷ್ಟಕ್ಕ ಇಡ್ರಿ ಅಂದಾನ. ಸುಮ್ಮ ನಿಂದರ್ರಿ" ಎಂದ ಕಾಕಾ.

ಕಾಕು ನನ್ನನ್ನು ನೋಡಿ, "ನಮ್ಮ ಹಂಡೇನೂ ನಿಧಾನನ ತುಂಬತೈತಿ ನೋಡಪಾ. ಇಡೀ ಓಣಿ ಕೂಡ ಬಯ್ಸಿಕೊಂಡು ಕುಂಡ್ರತಾರ, ಯಾಕ ಅಂತ ನೀನ ಕೇಳು" ಎಂದಳು.

ಕಾಕಾ ನನ್ನ ಮುಖ ನೋಡಲಿಲ್ಲ. ಉಡದಾರದ ಚಾವಿಗಳನ್ನು ಸುಮ್ಮನೆ ತಿರುವುತ್ತ ಕುಳಿತ. "ವೈನಿ ಇಲ್ಲಿಗೆ ನೀರಿಗೆ ಬರೂದ ಬಿಟ್ಲು. ಮತ್ತ ಕುಡಿಯಾಕ ಎಲ್ಲಿಂದ ತರತಾಳಲೇ? ಮೊಣಕಾಲ ಹೋಗ್ಯಾವ ಆಕಿವು. ಕೀಲಿ ಹಾಕೇ ಆಕಿ ಮರ್ಯಾದಿ ಕಳದೇನಿ, ನನಗ ಮತ್ತೇನ ಬರತೈತಿ? ಕೀಲಿ ಹಾಕೂದಷ್ಟ ಬರತೈತಿ."

ನಾನು ಮನೆಯ ಕಡೆ ತಿರುಗಿದೆ. ಕಾಕಾ ಗಾಬರಿಯಾಗಿ ಕೈ ಹಿಡಿದುಕೊಂಡ. "ವೈನಿಗೆ ಹೇಳಿಗೀಳೀಯ ಮತ್ತ! ನಂದ ಅಂತ ಗೊತ್ತಾದ್ರ ಸಿಟ್ಟಿಗೆದ್ದು ನಳಾನ ಮುಚ್ಚಿಬಿಡ್ತಾಳ!"

ಹೇಳದೆ ಇರಲು ನಾನೇನು ಕೀಲಿಯೇ? ಮನೆಗೆ ಬಂದವನೇ ಎಲ್ಲ ಹೇಳಿಬಿಟ್ಟೆ. ಅವ್ವ ಆಗಷ್ಟೇ ನಳಕ್ಕೆ ಕುಂಕುಮ ಹಚ್ಚಿ ತಿರುಗಿದ್ದಳು. ಬೆರಳಿನ ಕುಂಕುಮ ಹಾಗೇ ಇತ್ತು. ಅದನ್ನು ಸೆರಗಿಗೆ ಒರೆಸಿ ನಳವನ್ನೊಮ್ಮೆ ನೋಡಿದಳು. ನಂತರ ಚಪ್ಪಲಿ ಮೆಟ್ಟಿ, ಮೊಣಕಾಲು ಹಿಡಿದುಕೊಂಡು ಇಳಿಜಾರು ಇಳಿಯತೊಡಗಿದಳು. ಕೈ ಹಿಡಿಯಲು ಹೋದರೆ ಝಾಡಿಸಿದಳು.

ಅವಳನ್ನು ಕಂಡದ್ದೇ ಕಾಕಾ ಕುರ್ಚಿಯಿಂದ ಎದ್ದ. ಚಾವಿಗಳು ಝಣ್ ಎಂದವು. ಎದುರು ಮನೆಯಾತ ಕೂಡ ಜಗಳ ಮರೆತು ಸರಿದು ನಿಂತ.

"ತಮ್ಮಾ, ಚಾವಿ ಕೊಡಿಲ್ಲೆ."

"ವೈನಿ, ಇದೊಂದ ಬಿಡಬೇ... ಮ್ಯಾಲಿನ ಓಣಿಗೆ ನೀರ..."

"ಕೊಡ ಅಂದ್ನೆಪಾ."

ಕಾಕಾ ಉಡದಾರದಿಂದ ಆ ಚಾವಿ ಬಿಚ್ಚಿ ಕೊಟ್ಟ. ಈಗ ಕೀಲಿ ತೆಗೆದು ಬಿಸಾಡುತ್ತಾಳೆ ಎಂದೇ ನಾನೂ ಎಣಿಸಿದೆ. ಅವ್ವ ಕೀಲಿ ಮುಟ್ಟಲೇ ಇಲ್ಲ. ಚಾವಿಯನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಟು ಸರಿಯಾಗಿ ಬಿಗಿಯಿತೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿ, ಏರು ಹತ್ತಲು ತಿರುಗಿದಳು.

"ಇನ್ನ ಮ್ಯಾಲ ಚಾವಿ ನನ್ನ ಕಡೆ ಇರತೈತಿ. ನಳ ಬರೂ ದಿನಾ ಮನಿಗೆ ಬಂದು ಇಸಕೊಂಡ ಹೋಗು" ಎಂದಳು. ಒಂದು ಹೆಜ್ಜೆ ಹೋಗಿ, ಹಿಂದೆ ನೋಡದೆಯೇ, "ಹೊಟ್ಟಿ ಹಸಕೊಂಡ ಬಾ" ಎಂದಳು.