ತೂಕ ಜೋರಾಗಿ ಓದಿದ್ದು

ಮನೆಮನೆಗೆ ಹೋಗಿ, ವಯಸ್ಸಾದವರು ಸರಿಯಾಗಿ ಉಣ್ತಿದ್ದಾರಾ, ಸೊರಗ್ತಿದ್ದಾರಾ ಅಂತ ನೋಡೋದು ನನ್ನ ಕೆಲಸ. ಬ್ಯಾಗಲ್ಲಿ ಒಂದು ತೂಕದ ಮೆಷಿನ್ನು, ಕಾಲಿನ ಮೀನಖಂಡ ಅಳೆಯೋ ಟೇಪು, ಪ್ರಶ್ನೆಗಳ ಫಾರಂ. ಮುಳಬಾಗಿಲು ಕಡೆ ಇಷ್ಟು ಹೊತ್ಕೊಂಡು ಹೊರಟರೆ ಏನಾದರೊಂದು ಆಗದೆ ದಿನ ಮುಗಿಯಲ್ಲ. ಮೊದಲೇ ನಾನು ಕೆದಕೋ ಬುದ್ಧಿಯವಳು. ಕಂಡವರ ಅಡುಗೆಮನೆ ಇಣುಕೋಕೆ ಸಂಬಳ ಕೊಡ್ತಾರೆ ಅಂದ್ರೆ ಬಿಡ್ತೀನಾ?

೧

ಬೈರಕೂರಲ್ಲಿ ಒಬ್ಬ ತಾತ ಜಗುಲಿ ಮೇಲೆ ಕೂತಿದ್ದರು. "ಊಟ ಆಯ್ತಾ ತಾತ?" ಅಂದೆ.

"ಅಯ್ಯಿಂದಮ್ಮಾ," ಅಂದರು ತೆಲುಗಲ್ಲಿ.

ಆಯ್ತಂತೆ. ಖುಷಿಯಾಗಿ ಬರ್ಕೊಂಡೆ. ಒಳಗಿಂದ ಅವರ ಹೆಂಡತಿ ಬಂದು, "ಏನ್ ಆಯ್ತು? ನೆನ್ನೆ ಸಂಜೆಯಿಂದ ಬರೀ ಕಾಫೀಲೇ ಇದ್ದಾರೆ," ಅಂದರು.

"ಸುಳ್ಳು ಯಾಕೆ ಹೇಳಿದ್ರಿ ತಾತ?"

"ಯಾರಾದ್ರೂ ಕೇಳಿದ್ರೆ ಆಯ್ತು ಅನ್ನೋದು ಮರ್ಯಾದೆ. ಆಗಿಲ್ಲ ಅಂದಿದ್ರೆ ನೀನೇನು ಬುತ್ತಿ ತಂದಿದ್ಯಾ?"

ಅವತ್ತಿಂದ ನಾನು ಊಟ ಆಯ್ತಾ ಅಂತ ಬಾಯಲ್ಲಿ ಕೇಳೋದು ಬಿಟ್ಟೆ. ಪಾತ್ರೆ ಮುಚ್ಚಳ ತೆಗೆದು ನೋಡ್ತೀನಿ.

೨

ಫಾರಮ್ಮಲ್ಲಿ ಇನ್ನೊಂದು ಪ್ರಶ್ನೆ: ಅಗಿಯಲು ತೊಂದರೆ ಇದೆಯೇ? ಅದೇ ಬೀದಿಯಲ್ಲಿ ಇನ್ನೊಬ್ಬ ತಾತ, ಬಾಯಲ್ಲಿ ಒಂದೇ ಹಲ್ಲು. ಕೇಳಿದೆ. ಅವರು ನನ್ನನ್ನೇ ಕನಿಕರದಿಂದ ನೋಡಿದರು.

"ನೀವು ಮುದ್ದೆ ಅಗೀತೀರೇನಮ್ಮಾ?"

"ಇಲ್ಲ, ನುಂಗ್ತೀವಿ."

"ಮತ್ತೆ ನನ್ನ ಯಾಕೆ ಕೇಳ್ತೀಯ?" ಅಂದವರು ಒಳಗೆ ತಿರುಗಿ, "ಲೇ, ಈ ಹುಡುಗಿಗೆ ಒಂದು ಮುದ್ದೆ ಹಾಕೇ. ಎಲ್ಲೋ ಅಗೀತಾಳೆ ಅಂತ ಅನುಮಾನ," ಅಂದರು. ಅವರ ಎದುರು ಕೂತು, ನುಂಗಿ ತೋರಿಸಿ ಬಂದೆ.

೩

ದೇವರಾಯಸಮುದ್ರದ ಅಜ್ಜಿದು ಮಾತ್ರ ನನ್ನದೇ ತಪ್ಪು. ಜ್ವರದಲ್ಲಿ ಮಲಗಿ ಎದ್ದಿದ್ದರು. ಮೆಷಿನ್ ಮೇಲೆ ನಿಲ್ಲಿಸಿ, "ಅಯ್ಯೋ, ಎರಡು ಕೆಜಿ ಇಳಿದಿದ್ದೀರಲ್ಲ ಅಜ್ಜಿ," ಅಂತ ಜೋರಾಗಿ ಓದಿಬಿಟ್ಟೆ. ಎದುರಿಗೆ ನಲ್ಲಿ ಹತ್ತಿರ ನಾಲ್ಕು ಜನ ಹೆಂಗಸರು ಬಿಂದಿಗೆ ಇಟ್ಕೊಂಡು ನಿಂತಿದ್ದರು.

ಮುಂದಿನ ತಿಂಗಳು ಹೇಳದೆ ಕೇಳದೆ ಹೋದೆ. ಅಜ್ಜಿ ಒಳಗೆ ಹೋಗಿ ಸೀರೆ ಸರಿಮಾಡ್ಕೊಂಡು ಬಂದು ನಿಂತರು. ಒಂದೂವರೆ ಕೆಜಿ ಜಾಸ್ತಿ! ಆದರೆ ಟೇಪ್ ಹಾಕಿದ್ರೆ ಮೀನಖಂಡ ಹೋದ ಸಲಕ್ಕಿಂತ ಸಣ್ಣ. ಇದೆಂಥಾ ವಿಚಿತ್ರ, ಕಾಲು ಸೊರಗಿ ಮೈ ಬೆಳೆಯುತ್ತಾ? ನನಗೆ ತಡೆಯೋಕಾಗಲಿಲ್ಲ. "ನೆಟ್ಟಗೆ ನಿಂತ್ಕೊಳಿ, ಇನ್ನೊಂದು ಸಲ ನೋಡೋಣ," ಅಂದೆ. ನೆಟ್ಟಗಾದರು. ಮಡಿಲಿಂದ ಧಡ್ ಅಂತ ಖಾರ ಅರೆಯೋ ಗುಂಡುಕಲ್ಲು ನನ್ನ ಕಾಲ ಪಕ್ಕಕ್ಕೆ ಬಿತ್ತು.

ಬಾಗಿಲಲ್ಲಿದ್ದ ಸೊಸೆ, "ಅತ್ತೇ! ತಿಂಗಳಿಂದ ಹುಡುಕ್ತಿದ್ದೀನಿ, ನೀವಾ ತಗೊಂಡಿದ್ದು?" ಅಂದಳು.

"ಹೋದ್ ಸಲ ಇವಳು ಕೂಗಿದ್ದೇ ತಡ, ನನ್ ಸೊಸೆ ಅನ್ನ ಹಾಕಲ್ಲ ಅಂತ ನಲ್ಲಿ ಹತ್ರ ಶುರು ಆಯ್ತು. ಇವಳು ಯಾವತ್ತು ಬರ್ತಾಳೋ ಏನೋ ಅಂತ ಪೆಟ್ಟಿಗೇಲಿ ಇಟ್ಕೊಂಡಿದ್ದೆ."

ನನಗೆ ನಾಚಿಕೆಯಾಯ್ತು. "ಅದಿರಲಿ, ಇನ್ನೂ ಸೊರಗಿದ್ದು ಯಾಕೆ?" ಅಂತ ಕೆದಕಿದೆ.

ಸೊಸೆ ತಲೆ ಚಚ್ಚಿಕೊಂಡಳು. "ಗುಂಡಿಲ್ಲ ಅಂತ ಮಿಕ್ಸೀಲಿ ಖಾರ ಹಾಕ್ತಿದ್ದೆ. ಮಿಕ್ಸಿ ಖಾರ ಸೇರಲ್ಲ ಅಂತ ತಿಂಗಳಿಂದ ಅರ್ಧ ಮುದ್ದೆಗೇ ಕೈ ತೊಳೀತಿದ್ದಾರೆ."

ಅತ್ತೆ ಸೊಸೆ ಮುಖ ಮುಖ ನೋಡ್ಕೊಂಡರು. ಸೊಸೆ ಗುಂಡು ತೊಳೆದು, ಅಲ್ಲೇ ಖಾರ ಅರೆಯೋಕೆ ಕೂತಳು.

ಆಮೇಲಿನ ತಿಂಗಳು ಅಜ್ಜಿ ಮಡಿಲು ಕೊಡವಿ ತೋರಿಸಿಯೇ ಮೆಷಿನ್ ಹತ್ತಿದರು. ಸೊಸೆ ಗುಂಡನ್ನು ಎರಡೂ ಕೈಯಲ್ಲಿ ಹಿಡ್ಕೊಂಡು ಎದುರಿಗೆ ನಿಂತಳು. ಮೊದಲಿದ್ದ ತೂಕ ವಾಪಸ್ ಬಂದಿತ್ತು. ನಾನು ಬುದ್ಧಿ ಕಲಿತವಳು, ಕಿವಿ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

ಅಜ್ಜಿಗೆ ಸಿಟ್ಟು ಬಂತು. "ಇಳಿದಾಗ ಊರಿಗೇ ಕೇಳೋ ಹಂಗೆ ಕೂಗಿದ್ಯಲ್ಲ. ಈಗೇನು ಗಂಟಲು ಕಟ್ಟಿದ್ಯಾ? ತಡಿ, ನಲ್ಲಿ ನೀರು ಬರಲಿ, ಅವರೆಲ್ಲ ಬಿಂದಿಗೆ ತಗೊಂಡು ಬರ್ತಾರೆ. ಆಗ ಇನ್ನೊಂದು ಸಲ ಹತ್ತುತೀನಿ, ಜೋರಾಗಿ ಓದು."