ಹನ್ನೊಂದು ಹಲ್ಲಿಗಳ ಗಂಡು ಪೋಷಕನ ಅರಿಕೆ

ವನ್ಯಜೀವಿ ಪರವಾನಗಿ ಕಚೇರಿಯ ಮುಖ್ಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು, ತಮ್ಮ ಮುದ್ರೆಯ ಶಾಯಿ ಒಣಗಿಲ್ಲವೆಂದು, ಮೂರನೆಯ ಮಹಡಿಯ ತಮ್ಮ ಕೋಣೆಯ ಫ್ಯಾನು ಕಡತಗಳನ್ನು ಎಬ್ಬಿಸದಷ್ಟು ಮೆಲ್ಲಗೆ ತಿರುಗುತ್ತಿದೆಯೆಂದು ನಂಬಿ, ಬಜಾರಿನ ಹಿಂಬದಿಯ ರಸ್ತೆಯಲ್ಲಿ ಗಾಜು ಕೊಯ್ದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯವನಾದ ನಾನು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಗುಟ್ಟಾಗಿ ಬರೆದ ನಾಲ್ಕು ಪತ್ರಗಳು ತಮ್ಮಲ್ಲಿ ಗುಟ್ಟಾಗಿಯೇ ಉಳಿದುಬಿಟ್ಟದ್ದರಿಂದ ಈ ದಾರಿ ಹಿಡಿದೆ, ಮನ್ನಿಸಬೇಕು. ನನ್ನ ವಿದ್ಯಾಭ್ಯಾಸ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಆರನೆಯದರಲ್ಲಿ ಎರಡು ವರ್ಷ ಕೂತದ್ದರಿಂದ ಎಂಟು ಎಂದೇ ಹಿಡಿಯಬಹುದು. ಆದರೂ ಕಣ್ಣಳತೆಯಲ್ಲಿ ಗಾಜು ಕೊಯ್ದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದು. ದೊಡ್ಡ ದೊಡ್ಡ ಕಾಲೇಜಿನವರ ಕೈಯಲ್ಲಿ ಬದುಕದ ಅಪರೂಪದ ಬಂಡೆಹಲ್ಲಿ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊಟ್ಟೆಯಿಟ್ಟು ಮರಿಮಾಡಿದೆ ಎಂಬುದನ್ನು ನಾನಾಗಿ ಹೇಳಿಕೊಳ್ಳುವವನಲ್ಲ, ಊರೇ ಹೇಳುತ್ತದೆ. ಅಕ್ಕನ ಮಗಳಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ನನ್ನನ್ನು ಕರೆಯುವುದು ಹಲ್ಲಿಮಾವ ಎಂದೇ.

ಮೊದಲಿಗೆ ತಮ್ಮ ಕಾನೂನನ್ನು ಹೊಗಳಿಬಿಡುತ್ತೇನೆ, ಆಮೇಲೆ ಮರೆತುಹೋಗಬಾರದು. ಈ ಹವ್ಯಾಸದಲ್ಲಿ ಎಂಥೆಂಥವರಿದ್ದಾರೆಂದು ನನಗೂ ಗೊತ್ತು. ಒಬ್ಬ ಮಹಾನುಭಾವ ನನ್ನ ಅಂಗಡಿಯ ಮೇಜಿನ ಮೇಲೆ ಸೂಟ್‌ಕೇಸು ಬಿಚ್ಚಿದಾಗ ಒಳಗೆ ಇಪ್ಪತ್ತು ಜೊತೆ ಕಾಲುಚೀಲ, ಒಂದೊಂದರಲ್ಲೂ ಕಾಡಿನಿಂದ ಹಿಡಿದುತಂದ ಒಂದೊಂದು ಹಲ್ಲಿ, ಅರ್ಧಕ್ಕರ್ಧ ಸತ್ತಿದ್ದವು. ಅವನನ್ನು ಮೆಟ್ಟಿಲಿಳಿಸಿ ಕಳಿಸಿದವನು ನಾನೇ. ಅಂಥವನನ್ನು ಹಿಡಿಯಲು ತಾವು ಬಲೆ ನೇಯ್ದಿರಿ, ಬಹಳ ಸಂತೋಷ. ಆದರೆ ಅದನ್ನು ಎಂಥ ಕಸುಬಿನಿಂದ ನೇಯ್ದಿದ್ದೀರೆಂದರೆ, ಸೂಟ್‌ಕೇಸು ಅದರ ಪಕ್ಕದಿಂದ ಆರಾಮವಾಗಿ ಹಾದುಹೋಗುತ್ತದೆ, ಹಿಂದಿನ ಕೋಣೆಯಲ್ಲಿ ತನ್ನ ಪಾಡಿಗೆ ಬಾಳೆಹಣ್ಣು ನೆಕ್ಕುತ್ತಾ ಕುಳಿತ ಹಲ್ಲಿ ಸಿಕ್ಕಿಬೀಳುತ್ತದೆ.

ನನ್ನ ಹಲ್ಲಿಗಳ ಮೂಲದಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಒಂಬತ್ತು ವರ್ಷದ ಹಿಂದೆ ದೂರದ ಗಾಜಿನ ಕಾರ್ಖಾನೆಯಿಂದ ಬಂದ ಪೆಟ್ಟಿಗೆಯನ್ನು ಬಿಚ್ಚಿದಾಗ, ಒಣಹುಲ್ಲಿನ ನಡುವೆ, ಬೆರಳುದ್ದದ, ಬೆನ್ನ ಮೇಲೆ ಬೂದುಚುಕ್ಕೆಗಳಿದ್ದ ಒಂದು ಹಲ್ಲಿ ಗಾಜಿಗೆ ಅಂಟಿಕೊಂಡು, ರೆಪ್ಪೆಯಿಲ್ಲದ ಕಣ್ಣನ್ನು ನಾಲಿಗೆಯಿಂದ ಒರೆಸಿಕೊಳ್ಳುತ್ತಾ, ಸರಕು ಮುಟ್ಟಿದ್ದಕ್ಕೆ ರುಜು ಹಾಕು ಎಂಬಂತೆ ನನ್ನನ್ನೇ ನೋಡುತ್ತಿತ್ತು. ಮಿಕ್ಕ ಗಾಜಿನ ತುಂಡುಗಳನ್ನು ಜೋಡಿಸಿ ಅದಕ್ಕೊಂದು ಮನೆ ಕಟ್ಟಿದೆ. ಒಂಟಿಜೀವ, ಪಾಪ ಎಂದುಕೊಳ್ಳುತ್ತಿರುವಾಗಲೇ ಎರಡನೆಯ ತಿಂಗಳಿಗೆ ಮೂಲೆಯಲ್ಲಿ ಎರಡು ಮೊಟ್ಟೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಡಮ್ಮನವರು ಬಂದು, ಭೂತಗನ್ನಡಿ ಹಿಡಿದು ನೋಡಿ, ಈ ಜಾತಿಯಲ್ಲಿ ಗಂಡೇ ಇಲ್ಲ, ಹೆಣ್ಣುಗಳು ತಾವಾಗಿಯೇ ಮೊಟ್ಟೆಯಿಟ್ಟು ಹೆಣ್ಣುಗಳನ್ನೇ ಮರಿಮಾಡುತ್ತವೆ ಎಂದು ತಿಳಿಸಿಕೊಟ್ಟರು. ಅವರು ಹೇಳಿದ ಇನ್ನೊಂದು ಮಾತೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೀಗಿರಲು ತಮ್ಮ ಹೊಸ ಕಾನೂನು ಬಂತು. ಮನೆಯಲ್ಲೇ ಹುಟ್ಟಿದ್ದಾದರೂ ಹಲ್ಲಿ ನೋಂದಣಿಯಾಗಬೇಕು, ಆಗದಿದ್ದರೆ ಮಾರುವುದಂತಿರಲಿ, ಎದುರು ಮನೆಗೆ ಸುಮ್ಮನೆ ಕೊಂಡೊಯ್ದರೂ ಸಾಗಾಣಿಕೆ ಎಂದಾಯಿತು. ನಾನು ಮೊದಲ ದಿನವೇ ಸಾಲಿನಲ್ಲಿ ನಿಂತು, ಒಂದೊಂದು ಹಲ್ಲಿಗೂ ಒಂಬತ್ತು ಪುಟದ ನಮೂನೆ ತಂದೆ. ಅದರಲ್ಲಿ ‘ಪೋಷಕ: ಗಂಡು’, ‘ಪೋಷಕ: ಹೆಣ್ಣು’ ಎಂದು ಎರಡು ಕಲಂ. ನಮ್ಮ ಶಾಲೆಯ ಹಾಳೆಯಲ್ಲಿ ಪೋಷಕರು ಎಂದರೆ ಸಾಕುವವರು, ಅನ್ನ ಹಾಕುವವರು. ನನ್ನನ್ನು ಸೇರಿಸಿದಾಗ ಆ ಜಾಗದಲ್ಲಿ ಸೋದರಮಾವನ ಹೆಸರು ಬರೆಸಿದ್ದರು, ಏಕೆಂದರೆ ನನ್ನನ್ನು ಸಾಕಿದವನು ಅವನೇ. ಅದೇ ತಿಳಿವಳಿಕೆಯಿಂದ, ದಿನವೂ ಮಿಡತೆ ಹಿಡಿದು ಹಾಕುವವನು ನಾನಾದ್ದರಿಂದ ಗಂಡಿನ ಜಾಗದಲ್ಲಿ ನನ್ನ ಹೆಸರನ್ನೂ, ಬಾಳೆಹಣ್ಣು ಕಿವುಚಿ ಇಡುವವಳು ನನ್ನ ಹೆಂಡತಿಯಾದ್ದರಿಂದ ಹೆಣ್ಣಿನ ಜಾಗದಲ್ಲಿ ಅವಳ ಹೆಸರನ್ನೂ ಹನ್ನೊಂದು ಸಲ ದುಂಡಗೆ ಬರೆದೆ. ತಮ್ಮ ಕಚೇರಿಯ ಭಾಷೆಯಲ್ಲಿ ಪೋಷಕ ಎಂದರೆ ಹುಟ್ಟಿಸಿದವನು ಎಂದು ನನಗೆ ಯಾರೂ ಹೇಳಿರಲಿಲ್ಲ.

ತಮ್ಮ ನೋಟಿಸು ಹೇಳಿತು. ಸದರಿ ಹನ್ನೊಂದು ಹಲ್ಲಿಗಳ ಪೋಷಕರಿಬ್ಬರೂ ಮನುಷ್ಯರೆಂಬುದು ಅರ್ಜಿದಾರರ ಸ್ವಂತ ಬರಹದಿಂದಲೇ ದೃಢಪಟ್ಟಿರುವ ಕಾರಣ, ಅವನ್ನು ಸಂಶಯಾಸ್ಪದ ತಳಿ ಎಂದು ಪರಿಗಣಿಸಿ, ಬರುವ ಶುಕ್ರವಾರ ವಶಕ್ಕೆ ಪಡೆದು ಸಂರಕ್ಷಣಾ ಕೇಂದ್ರಕ್ಕೆ ಒಯ್ಯಲಾಗುವುದು ಎಂದು ತಾವು ರುಜು ಹಾಕಿದ್ದೀರಿ. ಅರವತ್ತು ದಾಟಿದ ನನ್ನ ಮೇಲೆ ಇಷ್ಟು ಭರವಸೆಯಿಟ್ಟ ಕಚೇರಿ ಇನ್ನೊಂದಿಲ್ಲ, ವಂದನೆಗಳು. ಅಕ್ಕನ ಮಗಳು ಅದನ್ನು ಗಟ್ಟಿಯಾಗಿ ಓದಿ, ಇವೆಲ್ಲ ತನಗಿಂತ ಚಿಕ್ಕವಾದ್ದರಿಂದ ನಾದಿನಿಯರಾಗಬೇಕು, ಆದರೆ ಒಂದೇ ಮನೆಯಿಂದ ಹನ್ನೊಂದು ನಾದಿನಿಯರನ್ನು ತಾನು ತಾಳಲಾರೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಹೆಂಡತಿ ನಗಲಿಲ್ಲ. ಕೈಯಲ್ಲಿದ್ದ ಬಾಳೆಹಣ್ಣಿನ ಬಟ್ಟಲನ್ನು ಕೆಳಗಿಟ್ಟು, “ಮೂವತ್ತು ವರ್ಷ ಆಯ್ತು. ಮನೆ ಕಾಗದದಲ್ಲಿ ನನ್ನ ಹೆಸರಿಲ್ಲ, ಅಂಗಡಿ ಬೋರ್ಡಲ್ಲಿ ನನ್ನ ಹೆಸರಿಲ್ಲ. ಹಾಕ್ಸಿದ್ದು ಇಲ್ಲಿ” ಎಂದಳು. ಅವತ್ತು ಬಾಳೆಹಣ್ಣು ಕಿವುಚಿ ಇಟ್ಟವನು ನಾನೇ.

ತಪ್ಪು ತಿದ್ದಿಸಲು ತಮ್ಮಲ್ಲಿಗೆ ಓಡಿಬಂದೆ. ಎರಡನೆಯ ಕಿಟಕಿಯ ಗುಮಾಸ್ತರು ಬಹಳ ಸಜ್ಜನರು, ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ನನ್ನ ಕಥೆ ಕೇಳಿದರು. ಹೆಣ್ಣಿನ ಜಾಗದಲ್ಲಿ ತಾಯಿಹಲ್ಲಿಯನ್ನು ಬರೆಯಲು ತಕರಾರಿಲ್ಲ, ಗಂಡುಹಲ್ಲಿಯ ಸಂಖ್ಯೆಯನ್ನೂ ಕೊಟ್ಟುಬಿಡಿ ಎಂದರು. ಗಂಡು ಇಲ್ಲ ಎಂದೆ. ಸತ್ತಿದ್ದರೆ ಮರಣದ ಪ್ರಮಾಣಪತ್ರ ಸಾಕು ಎಂದರು. ಹುಟ್ಟೇ ಇಲ್ಲ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಮರುಕದಿಂದ ನೋಡಿ, “ಯಜಮಾನ್ರೇ, ಆ ಕಲಂ ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಬೇರೆ ಯಾರಾದ್ರೂ ಸಿಗೋವರೆಗೂ ನೀವೇ ಇರಿ” ಎಂದು ಡಬ್ಬಿಯ ಮುಚ್ಚಳ ತೆಗೆದರು.

ನಗುವ ಮಾತು ಇಷ್ಟಕ್ಕೆ ಸಾಕು. ಶುಕ್ರವಾರವೆಂದರೆ ನನಗೆ ಭಯ, ಕಾರಣ ಹೇಳುತ್ತೇನೆ. ನನ್ನ ಅಂಗಡಿಯ ಎದುರಿನ ಟೈಲರಣ್ಣ, ಕಾನೂನು ಬರುವ ಮೊದಲು ನಾನು ಕೊಟ್ಟ ಆರು ಮರಿಗಳನ್ನು ಗುಂಡಿಯ ಡಬ್ಬಿಗಳ ಪಕ್ಕದಲ್ಲೇ ಬೆಚ್ಚಗಿಟ್ಟು ಸಾಕಿದ್ದ. ಕಳೆದ ವರ್ಷ ತಮ್ಮವರು ನೋಂದಣಿಯಿಲ್ಲವೆಂದು ಅವನ್ನು ಒಯ್ದು, ‘ಆರು ಹಲ್ಲಿಗಳು ಸುರಕ್ಷಿತವಾಗಿವೆ’ ಎಂದು ರಸೀದಿ ಕೊಟ್ಟರು. ಎರಡು ತಿಂಗಳ ಮೇಲೆ ಅವನು ವಿಚಾರಿಸಿ ಬರೆದರೆ, ‘ಆರು ಹಲ್ಲಿಗಳು ಸುರಕ್ಷಿತವಾಗಿದ್ದವು’ ಎಂದು ಉತ್ತರ ಬಂತು. ವರ್ತಮಾನಕಾಲಕ್ಕೂ ಭೂತಕಾಲಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದರೂ ನನ್ನ ತಲೆಗೆ ಹತ್ತಿರಲಿಲ್ಲ. ತಾವು ಒಂದೇ ಪದದಲ್ಲಿ ಹತ್ತಿಸಿದಿರಿ. ಟೈಲರಣ್ಣ ಆ ಎರಡು ಕಾಗದಗಳನ್ನೂ ತಂದು ನನ್ನ ಮೇಜಿನ ಮೇಲಿಟ್ಟ. ಅಕ್ಕಪಕ್ಕ ಇಟ್ಟು ಒಂದೇ ಗಾಜಿನಡಿ ಕಟ್ಟು ಹಾಕಿಕೊಟ್ಟೆ. ಹೊಲಿಗೆಯಂತ್ರದ ಮೇಲಿನ ಗೋಡೆಯಲ್ಲಿ ತೂಗುಹಾಕಿದ್ದಾನೆ, ತಾವು ಅಂಗಿಯ ಅಳತೆ ಕೊಡಲು ಬಂದಾಗ ನೋಡಬಹುದು.

ಈಗ ಮೇಡಮ್ಮನವರ ಇನ್ನೊಂದು ಮಾತು. ಈ ಹಲ್ಲಿ ಇದ್ದದ್ದು ಲೋಕಕ್ಕೆಲ್ಲ ಒಂದೇ ಒಂದು ಬಿಳಿಕಲ್ಲಿನ ಬೆಟ್ಟದ ಮೇಲಂತೆ. ಆ ಬೆಟ್ಟವನ್ನು ಪುಡಿಮಾಡಿ, ಕರಗಿಸಿ, ಗಾಜು ಮಾಡಿ ಮುಗಿಸಿದರಂತೆ. ಆ ಗಾಜನ್ನು ಅಳೆದು ಕೊಯ್ದು ಊರ ಕಿಟಕಿಗಳಿಗೆಲ್ಲ ಕೂರಿಸಿದವನು ನಾನು. ಅಂದರೆ ಹಿಂದಿನ ಕೋಣೆಯಲ್ಲಿ ನನ್ನ ಹಲ್ಲಿಗಳು ಅಂಟಿಕೊಂಡಿರುವುದು ಅವುಗಳದೇ ಬೆಟ್ಟಕ್ಕೆ. ಇದು ತಿಳಿದ ದಿನ ನನ್ನ ಜಂಬ ಒಂದಿಷ್ಟು ಇಳಿಯಿತು. ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿದೆ. ಬೆಟ್ಟ ಒಡೆಯಲು ಕೊಟ್ಟ ಅನುಮತಿಪತ್ರ ಒಂದೇ ಪುಟದ್ದಂತೆ, ಅದರಲ್ಲಿ ಯಾರೂ ಯಾರ ಪೋಷಕರನ್ನೂ ಕೇಳಿರಲಿಲ್ಲವಂತೆ.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆ: ಊರಿನ ಕಿಟಕಿಗಾಜುಗಳನ್ನೆಲ್ಲ ಬಿಚ್ಚಿಸಿ ಮೊದಲಿನ ಬೆಟ್ಟವನ್ನು ಮರಳಿ ನಿಲ್ಲಿಸಿಕೊಡಬೇಕು, ಬಿಚ್ಚುವ ಕೂಲಿ ನನಗೆ ಬೇಡ. ಅದಾಗದಿದ್ದರೆ ತಮ್ಮ ಕಚೇರಿಯಲ್ಲಿ ಗಂಡುಹಲ್ಲಿಯ ಒಂದು ಹುದ್ದೆ ಮಂಜೂರು ಮಾಡಿ, ಕಲಂ ತುಂಬುವುದಕ್ಕಷ್ಟೇ, ಯಾರನ್ನಾದರೂ ಪ್ರಭಾರದಲ್ಲಿ ನೇಮಿಸಬೇಕು. ಅದೂ ಕಷ್ಟವೆಂದರೆ ಆ ಕಂಪ್ಯೂಟರಿಗೆ ‘ಇಲ್ಲ’ ಎಂಬ ಎರಡಕ್ಷರ ಕಲಿಸಿ, ನನ್ನ ಹಲ್ಲಿಗಳನ್ನು ಇದ್ದಲ್ಲೇ ಬಿಟ್ಟು, ನಾಲ್ಕನ್ನು ಮೇಡಮ್ಮನವರಿಗೂ ಎರಡನ್ನು ಟೈಲರಣ್ಣನಿಗೂ ಕೊಡಲು ಒಪ್ಪಿಗೆ ಕೊಡಬೇಕು. ನನಗೆ ಮಾರುವ ಆಸೆಯಿಲ್ಲ. ಒಂದು ಬೆಟ್ಟದ ಹಲ್ಲಿಗಳೆಲ್ಲ ಒಂದೇ ಕೋಣೆಯಲ್ಲಿ ಇರಬಾರದು ಅಷ್ಟೆ. ನಾಳೆ ನನ್ನ ಅಂಗಡಿಯ ಒಂದು ಕರೆಂಟಿನ ತಂತಿ ಹೊತ್ತಿಕೊಂಡರೆ ಆ ಜಾತಿಯೇ ‘ಇದ್ದವು’ ಆಗುತ್ತದೆ.

ತಮ್ಮ ಮುದ್ರೆಗೆ ಸದಾ ತಲೆಬಾಗುವ,
ತಮ್ಮ ವಿಶ್ವಾಸಿ,
ಹಲ್ಲಿಮಾವ
(ಬೇರೆ ಯಾರಾದರೂ ಸಿಗುವವರೆಗೆ ಗಂಡು ಪೋಷಕ)

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ಹೆಂಡತಿ ಹಿಂದಿನ ಕೋಣೆಯಿಂದ ಕರೆದಳು. ಒಂದು ಮೊಟ್ಟೆ ಒಡೆದು ಮರಿ ಹೊರಬಂದಿದೆ, ಈಗ ಒಟ್ಟು ಹನ್ನೆರಡು. ತಮ್ಮ ನೋಟಿಸಿನ ಬೆನ್ನಿಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ ಅಚ್ಚಾದ ಷರತ್ತನ್ನೂ ಅವಳೇ ಓದಿ ತೋರಿಸಿದಳು: ಸ್ಥಳದಲ್ಲಿರುವ ಪ್ರಾಣಿಗಳ ಸಂಖ್ಯೆ ನೋಟಿಸಿನ ಸಂಖ್ಯೆಗೆ ತಾಳೆಯಾಗದಿದ್ದರೆ ವಶಕ್ಕೆ ಪಡೆಯುವಂತಿಲ್ಲ, ಮೂವತ್ತು ದಿನಗಳ ಗಡುವಿನ ಹೊಸ ನೋಟಿಸು ಕೊಡತಕ್ಕದ್ದು. ದಯವಿಟ್ಟು ಹನ್ನೆರಡಕ್ಕೆ ಬರೆದು ಕಳಿಸಿ. ಅದು ಬಂದು ಮೂವತ್ತು ದಿನ ತುಂಬುವಷ್ಟರಲ್ಲಿ ಹದಿಮೂರಾಗಿರುತ್ತವೆ, ಹದಿಮೂರಕ್ಕೆ ಬರೆಯುವಷ್ಟರಲ್ಲಿ ಹದಿನೈದು. ತಾವು ಸಾವಕಾಶವಾಗಿ ಬರೆಯಿರಿ. ಇಲ್ಲಿ ಮೊಟ್ಟೆಯಿಡುವವರು ಯಾರೂ ತಮ್ಮ ರುಜುವಿಗೆ ಕಾಯುತ್ತಿಲ್ಲ.